ಹೊತ್ತು ಹೇಳದೆ ಹೋಗಿ ನೋಡಿದ ಕುದುರೆ

ಕಳೆದ ತಿಂಗಳು ಹಿರಿಯಡಕದ ಹುಡುಗನೊಬ್ಬ ಬಾರಕೂರಿನ ನಮ್ಮ ಮನೆಗೆ ಬಂದಿದ್ದ. ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸು, ಮಣಿಪಾಲದಲ್ಲಿ ಕೆಲಸ. ಕೊಟ್ಟ ಚಾ ಆರಿ ಹೋಗುತ್ತಿದ್ದರೂ ಅದರ ಕಡೆ ನೋಡದೆ ಮೊಬೈಲನ್ನು ನನ್ನ ಮುಂದೆ ಹಿಡಿದ. ರಾಜಸ್ಥಾನದ ಯಾವುದೋ ಅಂಗಳದಲ್ಲಿ ಮಾರ್ವಾಡಿ ತಳಿಯ ಕಪ್ಪು ಗಂಡು ಕುದುರೆಯೊಂದು ಡೋಲಿನ ಬಡಿತಕ್ಕೆ ಮುಂಗಾಲೆತ್ತಿ ಕುಣಿಯುತ್ತಿತ್ತು. ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವ ಹಾಗಿದ್ದವು. ನಿಜವಾಗಿ ಬಹಳ ಚಂದ. ಮೂರು ವರ್ಷದ್ದಂತೆ.

"ಅಕ್ಕ, ಅಡ್ವಾನ್ಸ್ ಹಾಕಿದ್ರೆ ಲಾರಿಯಲ್ಲಿ ಕಳಿಸ್ತಾರಂತೆ. ಹಾಕ್ಲಾ?"

ಸವಾರಿ ಎಷ್ಟು ಕಲಿತಿದ್ದೀ ಎಂದು ಕೇಳಿದೆ. ಬೆಂಗಳೂರಿನಲ್ಲಿದ್ದಾಗ ಆರು ತಿಂಗಳು, ಅದೂ ಭಾನುವಾರ ಮಾತ್ರ. ಹಾಕಬೇಡ ಎಂದೆ. ಅವನ ಮುಖ ಬಾಡಿತು. ಆ ಮುಖದ ಪರಿಚಯ ನನಗೆ ಚೆನ್ನಾಗಿ ಉಂಟು, ಆರು ವರ್ಷದ ಹಿಂದೆ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಅದೇ. ಮೊದಲ ಕುದುರೆ ಆರಿಸುವ ಬಗ್ಗೆ ಅವತ್ತು ಅವನಿಗೆ ಹೇಳಿದ್ದನ್ನೂ, ಹೇಳಲು ಹೊತ್ತು ಸಾಲದೆ ಉಳಿದದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಕುದುರೆ ನಮ್ಮ ಕರಾವಳಿಯ ಪ್ರಾಣಿಯಲ್ಲ. ದೈವಸ್ಥಾನದ ಬಣ್ಣದ ಮರದ ಕುದುರೆ ನೋಡುತ್ತ ಬೆಳೆದವರು ನಾವು, ಉಸಿರಾಡುವ ಕುದುರೆ ನೋಡಿದ್ದು ಕಡಿಮೆ. ವಿಜಯನಗರದ ಕಾಲದಲ್ಲಿ ಅರಬ್ಬಿ ಸಮುದ್ರ ದಾಟಿ ಬಂದ ಕುದುರೆಗಳು ಭಟ್ಕಳ, ಹೊನ್ನಾವರದಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. 16ನೆಯ ಶತಮಾನದಲ್ಲಿ ಫೆರ್ನಾವೊ ನುನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಿಟ್ಟ ಒಂದು ಸಂಗತಿ ನನಗೆ ಮರೆಯುವುದೇ ಇಲ್ಲ. ವಿಜಯನಗರದ ಅರಸ ಸಾಳುವ ನರಸಿಂಹ ಹಾರ್ಮುಜ್, ಏಡನ್ ಕಡೆಯಿಂದ ಕುದುರೆ ತರಿಸುವಾಗ ಸತ್ತದ್ದಕ್ಕೂ ಬದುಕಿದ್ದಕ್ಕೂ ಒಂದೇ ಬೆಲೆ ಕೊಡುತ್ತಿದ್ದನಂತೆ. ಕಡಲಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕಿತ್ತು. ಅವನಿಗೆ ದಂಡು ಕಟ್ಟುವ ಅವಸರವಿತ್ತು, ಹಿಂದೆ ಬೊಕ್ಕಸವಿತ್ತು. ವಿಡಿಯೊ ನೋಡಿ ಹಣ ಹಾಕುವವರು ಕೂಡ ಬಾಲಕ್ಕೇ ಬೆಲೆ ಕೊಡುತ್ತಾರೆ ಎಂದು ಹುಡುಗನಿಗೆ ಹೇಳಿದೆ.

ನಾನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಮೂರು ವರ್ಷ ಸವಾರಿ ಕಲಿತೆ. ನಡಿಗೆ, ಟ್ರಾಟ್ ಎಂಬ ಸಣ್ಣ ಓಟ, ಕ್ಯಾಂಟರ್ ಎಂಬ ಅದಕ್ಕಿಂತ ಜೋರಿನ ಓಟ ಎಲ್ಲ ಬಂತು ಅಂದುಕೊಂಡಿದ್ದೆ. ಊರಿಗೆ ವಾಪಸು ಬರುವುದು ಖಚಿತವಾದಾಗ, ನನ್ನದೇ ಒಂದು ಕುದುರೆ ಬೇಕು ಎಂಬ ಆಸೆಯೂ ಗಟ್ಟಿಯಾಯಿತು. ನಗರದ ಹೊರಗಿನ ಒಂದು ಫಾರಂನಲ್ಲಿ ರೇಸಿನಿಂದ ನಿವೃತ್ತವಾದ, ಥರೋಬ್ರೆಡ್ ಎಂಬ ಓಟದ ತಳಿಯ ಕುದುರೆ ಸಿಕ್ಕಿತು. ಐದು ವರ್ಷದ ಕಂದು ಗಂಡು, ಬೀಜ ತೆಗೆದದ್ದು, ಹೊಳೆಯುವ ಮೈ. ಬೆಲೆ ಎನ್ನುವಂಥದ್ದೇ ಇರಲಿಲ್ಲ, ಸಾಗಿಸಿಕೊಂಡು ಹೋದರೆ ಸಾಕು ಎಂದರು. ದಾನಕ್ಕೆ ಬಂದ ದನದ ಹಲ್ಲು ಎಣಿಸಬಾರದು ಎನ್ನುತ್ತಾರಲ್ಲ, ನಾನು ಕಾಲನ್ನೂ ಮುಟ್ಟಿ ನೋಡಲಿಲ್ಲ.

ರೇಸ್ ಕುದುರೆಗಳು ಎರಡು ವರ್ಷ ವಯಸ್ಸಿನಿಂದಲೇ ಓಟಕ್ಕೆ ಇಳಿಯುತ್ತವೆ. ನಾಲ್ಕೈದು, ಹೆಚ್ಚೆಂದರೆ ಏಳೆಂಟು ವರ್ಷಕ್ಕೆ ಅವುಗಳಲ್ಲಿ ಬಹುಪಾಲಿನ ಓಟ ಮುಗಿಯುತ್ತದೆ, ಮುಂದೆ ಇಪ್ಪತ್ತು ವರ್ಷದ ಆಯುಷ್ಯ ಬಾಕಿ ಇರುತ್ತದೆ. ಬೆಂಗಳೂರು, ಮೈಸೂರು ಎರಡೂ ಕಡೆ ರೇಸ್‌ಕೋರ್ಸ್ ಇರುವುದರಿಂದ ನಮ್ಮ ರಾಜ್ಯದಲ್ಲಿ ಹೊಸಬರ ಕೈಗೆ ಸುಲಭವಾಗಿ ಸಿಗುವುದು ಇಂಥ ಕುದುರೆಯೇ. ಇವುಗಳಲ್ಲಿ ಕೆಟ್ಟದ್ದೇನೂ ಇಲ್ಲ. ತಿಳಿದವರ ಕೈಯಲ್ಲಿ ಆರೆಂಟು ತಿಂಗಳು ಹೊಸದಾಗಿ ಪಳಗಿದರೆ ಬಹಳ ಒಳ್ಳೆಯ ಸವಾರಿ ಕುದುರೆಗಳಾಗುತ್ತವೆ. ಆದರೆ ಅವು ಕಲಿತ ಭಾಷೆ ಬೇರೆ. ಸವಾರಿ ಶಾಲೆಯ ಕುದುರೆ ಲಗಾಮು ಎಳೆದರೆ ನಿಲ್ಲುತ್ತದೆ. ರೇಸಿನ ಕುದುರೆಗೆ ಬಿಗಿಯಾದ ಲಗಾಮು ಒಂದು ಆಸರೆ. ಕಡಿವಾಣಕ್ಕೆ ಬಾಯಿ ಒತ್ತಿ, ಅದರ ಮೇಲೆ ಭಾರ ಹಾಕಿ ಇನ್ನಷ್ಟು ಜೋರಾಗಿ ಓಡಲು ಅದನ್ನು ತಯಾರು ಮಾಡಿರುತ್ತಾರೆ.

ಇದು ನನಗೆ ಗೊತ್ತಾದದ್ದು, ಆ ಕಂದು ಕುದುರೆ ಹತ್ತಿ ಕೂತಿದ್ದಾಗ ಬೇಲಿಯಾಚೆ ಒಂದು ಬೈಕು ಸದ್ದು ಮಾಡಿದಾಗ. ಕುದುರೆ ಬೆಚ್ಚಿ ಮುಂದಕ್ಕೆ ಹಾರಿತು. ಹೆದರಿದ ಯಾರೇ ಆದರೂ ಮಾಡುವುದನ್ನೇ ನಾನೂ ಮಾಡಿದೆ. ಎರಡೂ ಕೈಯಿಂದ ಲಗಾಮು ಎಳೆದು ಹಿಡಿದೆ, ಕಾಲುಗಳನ್ನು ಅದರ ಹೊಟ್ಟೆಗೆ ಒತ್ತಿಕೊಂಡೆ. ಅದು ಕಲಿತಿದ್ದ ಪ್ರಕಾರ ನಾನು ಹೇಳಿದ್ದು "ಓಡು" ಎಂದೇ. ಓಡಿತು. ತಿರುವಿನಲ್ಲಿ ನಾನು ಬಿದ್ದೆ, ಎಡ ಮಣಿಕಟ್ಟು ಮುರಿಯಿತು. ಪ್ಲಾಸ್ಟರು ಹಾಕಿಕೊಂಡು ಮತ್ತೊಮ್ಮೆ ಹೋದಾಗ, ನನಗೆ ಕಲಿಸಿದ ಮೇಷ್ಟರು ಅದರ ಮುಂಗಾಲಿನ ಮಂಡಿಯ ಕೆಳಗೆ, ಹಿಂಬದಿಯಲ್ಲಿ ನನ್ನ ಬಲಗೈಯನ್ನು ಇಳಿಸಿ ಸವರಿಸಿದರು. ನೇರ ಹುರಿಯಂತೆ ಸಿಗಬೇಕಾದ ಟೆಂಡನ್, ಅಂದರೆ ಮಾಂಸಖಂಡವನ್ನು ಎಲುಬಿಗೆ ಕಟ್ಟುವ ನಾರು, ಮಧ್ಯದಲ್ಲಿ ಬಿಲ್ಲಿನ ಹಾಗೆ ಉಬ್ಬಿತ್ತು. ಹಳೆಯ ಗಾಯ. ಅದು ಓಟ ಬಿಟ್ಟದ್ದೇಕೆ, ಬೆಲೆಯಿಲ್ಲದೆ ಸಿಕ್ಕಿದ್ದೇಕೆ ಎಂಬುದೆಲ್ಲ ಅಲ್ಲೇ ಇತ್ತು.

ಆ ಕುದುರೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಹೊಸಬರ ಕೈಯಿಂದ ತಪ್ಪು ಆಗಿಯೇ ಆಗುತ್ತದೆ, ದಿನಕ್ಕೆ ಹತ್ತು ಸಲ ಆಗುತ್ತದೆ. ಆ ತಪ್ಪಿಗೆ ಕುದುರೆ ಏನು ಮಾಡುತ್ತದೆ? ಮೊದಲ ಕುದುರೆ ಆರಿಸುವಾಗ ನಾನು ಕೇಳಿಕೊಳ್ಳಬೇಕಿದ್ದದ್ದು ಇದೊಂದೇ ಪ್ರಶ್ನೆ. ಬಣ್ಣ, ತಳಿ, ಎತ್ತರ, ವೇಗ ಎಂದು ಪಟ್ಟಿ ಮಾಡಿಕೊಂಡಿದ್ದೆ, ಆ ಪಟ್ಟಿಯಲ್ಲಿ ಇದು ಇರಲೇ ಇಲ್ಲ.

ಊರಿಗೆ ಬಂದ ಮೇಲೆ ಎರಡನೆಯ ಸಲ ಹೊರಟಾಗ ದೊಡ್ಡಪ್ಪ ನಾನೂ ಬರ್ತೇನೆ ಎಂದರು. ಅವರು ಕುದುರೆ ಮುಟ್ಟಿದವರೇ ಅಲ್ಲ. ಆದರೆ ಮೂವತ್ತು ವರ್ಷ ಕಂಬಳದ ಕೋಣ ಕಟ್ಟಿದವರು, ಕೊಡುವವನ ಮಾತನ್ನೂ ಪ್ರಾಣಿಯ ಮೈಯನ್ನೂ ಒಟ್ಟಿಗೆ ಓದಬಲ್ಲವರು. ಶಿರಾಡಿ ಹತ್ತಿ ಹಾಸನ ದಾಟಿ ಕುಣಿಗಲ್ ಬಂದಾಗ, ಟಿಪ್ಪುವಿನ ಕಾಲದಲ್ಲಿ ದಂಡಿನ ಕುದುರೆ ಸಾಕುತ್ತಿದ್ದ ಫಾರಂ ಇರುವುದು ಈ ಊರಿನಲ್ಲೇ ಎಂದೆ. "ಅಷ್ಟು ವರ್ಷದಿಂದ ಕುದುರೆ ಉಂಟು ಅಂದ್ರೆ ಇಲ್ಲಿಯ ಹುಲ್ಲು, ಗಾಳಿ ಒಳ್ಳೆದುಂಟು" ಎಂದರು, ಅಷ್ಟೇ. ಅವರ ತಲೆ ಆಗಲೇ ನಮ್ಮ ಊರಿನ ಮಳೆಯ ಲೆಕ್ಕ ಹಾಕುತ್ತಿತ್ತು ಅಂತ ಆಮೇಲೆ ಗೊತ್ತಾಯಿತು.

ನೋಡಲು ಹೋದದ್ದು ಏಳು ವರ್ಷದ ಮಾರ್ವಾಡಿ ಹೆಣ್ಣು ಕುದುರೆ. ನಾವು ಹೋಗುವಷ್ಟರಲ್ಲಿ ಜೀನು ಕಟ್ಟಿ ಅಂಗಳದಲ್ಲಿ ನಿಲ್ಲಿಸಿದ್ದರು. ತಲೆ ತಗ್ಗಿಸಿ, ಕಣ್ಣು ಅರೆ ಮುಚ್ಚಿ, ಹಸುವಿನ ಹಾಗೆ ಸಾಧು. ನಾನು ಹತ್ತಿ ಎರಡು ಸುತ್ತು ಹೋದೆ, ಹೇಳಿದ್ದೆಲ್ಲ ಕೇಳಿತು. ಇಳಿದಾಗ ನನಗೆ ಅಳುವಷ್ಟು ಸಂತೋಷ. ದೊಡ್ಡಪ್ಪ ಜೀನಿನ ಅಂಚಿನ ಕೆಳಗೆ ಬೆರಳು ತೂರಿಸಿ ತೆಗೆದು ನೋಡಿದರು. ರಾತ್ರಿ ಉಳಿಯುವ ಜಾಗಕ್ಕೆ ಬರುವಾಗ ಕಾರಿನಲ್ಲಿ ಹೇಳಿದರು: "ನೀನು ಹತ್ತುವ ಮೊದಲೇ ಅದರ ಬೆನ್ನು ಒದ್ದೆ ಇತ್ತು ಮಗಾ. ಓಡಿಸಿ ಸುಸ್ತು ಮಾಡಿ ಇಟ್ಟಿದ್ದಾರೆ. ಕೋಣ ನೋಡ್ಲಿಕ್ಕೆ ಹೋಗುವಾಗ ಹೊತ್ತು ಹೇಳಿ ಹೋಗ್ಬಾರ್ದು."

ಮರುದಿನ ಬೆಳಗಾಗುವ ಮೊದಲೇ, ಹೇಳದೆ, ಮತ್ತೆ ಅಲ್ಲಿಗೆ ಹೋದೆವು. ಲಾಯದಲ್ಲಿ ಕೆಲಸದ ಹುಡುಗನೊಬ್ಬನೇ ಇದ್ದ. ಕುದುರೆ ಬಾಗಿಲಿನ ಮರದ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಕುತ್ತಿಗೆ ಬಿಗಿದು ಗಾಳಿ ಎಳೆಯುತ್ತಿತ್ತು. ಒಂಟಿಯಾಗಿ, ಹುಲ್ಲಿಲ್ಲದೆ ಬಹಳ ಹೊತ್ತು ಕಟ್ಟಿಹಾಕಿದ ಕುದುರೆಗಳಿಗೆ ಅಂಟುವ ಚಟ ಅದು, ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಹುಡುಗ ಹಗ್ಗ ಹಿಡಿದು ಒಳಗೆ ಹೋದಾಗ ಎರಡೂ ಕಿವಿ ಹಿಂದಕ್ಕೆ ಒತ್ತಿ ಹಿಂಭಾಗ ತಿರುಗಿಸಿ ನಿಂತಿತು. ಹಿಡಿಯಲು ಅರ್ಧ ಗಂಟೆ ಬೇಕಾಯಿತು. ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಅವನ ತೋಳಿಗೆ ಬಾಯಿ ಹಾಕಿತು. ಹಿಂದಿನ ದಿನ ನಾನು ನೋಡಿದ ಸಾಧು ಪ್ರಾಣಿ ಅಲ್ಲಿ ಇರಲಿಲ್ಲ.

ಆ ಬೆಳಗಿನಿಂದ ನಾನು ಕಲಿತದ್ದು ಇಷ್ಟು. ಕುದುರೆಯನ್ನು ಗದ್ದೆಯಲ್ಲೋ ಲಾಯದಲ್ಲೋ ಹಿಡಿಯುವುದರಿಂದ ಹಿಡಿದು, ಮೈ ಉಜ್ಜುವುದು, ನಾಲ್ಕೂ ಗೊರಸು ಎತ್ತುವುದು, ಜೀನು ಹಾಕುವುದು, ಲಾರಿ ಹತ್ತಿಸುವುದು, ಎಲ್ಲ ನಮ್ಮ ಕಣ್ಣೆದುರು ಆಗಬೇಕು. ಮೊದಲು ಮಾರುವವರೇ ಹತ್ತಿ ತೋರಿಸಬೇಕು. ಅವರು ಹತ್ತಲು ಒಪ್ಪದ ಕುದುರೆಯನ್ನು ನಾವು ಹತ್ತಬಾರದು. ಆಮೇಲೆ ನಾವು ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ, ಮೂರು ಸಲವಾದರೂ ಸವಾರಿ ಮಾಡಬೇಕು. ಒಂದು ಸಲ ರಸ್ತೆಯ ಪಕ್ಕ, ಒಂದು ಸಲ ಜೊತೆಯ ಕುದುರೆಗಳನ್ನು ಬಿಟ್ಟು ಒಂಟಿಯಾಗಿ. ಜೊತೆ ಬಿಟ್ಟು ಬರಲು ಹಟ ಮಾಡುವ ಕುದುರೆ ಬಹಳ, ಶಾಲೆಯ ಅಂಗಳದಲ್ಲಿ ಅದು ಗೊತ್ತೇ ಆಗುವುದಿಲ್ಲ.

ತಳಿಯ ವಿಷಯದಲ್ಲಿ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ಮಾರ್ವಾಡಿ, ಕಾಠಿಯಾವಾಡಿ, ಥರೋಬ್ರೆಡ್, ಮಿಶ್ರ, ಎಲ್ಲದರಲ್ಲೂ ಸಾಧುವೂ ಉಂಟು ಸಿಡುಕೂ ಉಂಟು. ಬೀಜದ ಗಂಡು ಮಾತ್ರ ಹೊಸಬರಿಗೆ ಬೇಡವೇ ಬೇಡ. ಹೆಣ್ಣು ಕುದುರೆ ಬೆದೆಗೆ ಬಂದಾಗ ಮನಸ್ಸು ಬದಲಿಸಬಹುದು, ಬೀಜ ತೆಗೆದ ಗಂಡು ಸಾಮಾನ್ಯವಾಗಿ ವರ್ಷವಿಡೀ ಒಂದೇ ಹದದಲ್ಲಿರುತ್ತದೆ. ಭಾರದ ಲೆಕ್ಕ ಸುಲಭ. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು ಮೀರಬಾರದು, 380 ಕಿಲೊ ಕುದುರೆಗೆ 76 ಕಿಲೊ.

ವಯಸ್ಸಿನ ಬಗ್ಗೆ ಮಾತ್ರ ನಿಂತು ಹೇಳಬೇಕು, ಜನ ಹೆಚ್ಚು ಎಡವುವುದು ಅಲ್ಲೇ. "ಸಣ್ಣದನ್ನು ತಂದರೆ ನಮ್ಮ ಜೊತೆಗೇ ಬೆಳೆಯುತ್ತದೆ" ಎಂದು ಆ ಹುಡುಗನೂ ಹೇಳಿದ. ಕೇಳಲು ಇಂಪಾಗಿದೆ. ಆದರೆ ಮೂರು ವರ್ಷದ ಕುದುರೆಯ ಬಾಯಲ್ಲಿ ಹಾಲುಹಲ್ಲು ಇನ್ನೂ ಬೀಳುತ್ತಿರುತ್ತದೆ, ಬೆನ್ನೆಲುಬು ಪೂರ್ತಿ ಬಲಿಯಲು ಐದಾರು ವರ್ಷ ಬೇಕು. ಏನೂ ಗೊತ್ತಿಲ್ಲದ ಸವಾರ, ಏನೂ ಗೊತ್ತಿಲ್ಲದ ಕುದುರೆ, ಇಬ್ಬರೂ ಸೇರಿದರೆ ಹೆದರಿಕೆಯೊಂದನ್ನೇ ಒಬ್ಬರಿಗೊಬ್ಬರು ಕಲಿಸುತ್ತಾರೆ. ನನ್ನ ಮಾತು ಕೇಳುವುದಾದರೆ ಹತ್ತರಿಂದ ಹದಿನಾರು ವರ್ಷದೊಳಗಿನದನ್ನು ನೋಡಿ. ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುತ್ತದೆ. ಹದಿನಾಲ್ಕು ಮುದಿ ವಯಸ್ಸಲ್ಲ.

ಮೂರನೆಯ ಕುದುರೆ ಸಿಕ್ಕಿದ್ದು ಮೈಸೂರು ಕಡೆ, ಮುಚ್ಚುತ್ತಿದ್ದ ಒಂದು ಸವಾರಿ ಶಾಲೆಯಲ್ಲಿ. ಹದಿನಾಲ್ಕು ವರ್ಷ ಎಂದರು. ದೊಡ್ಡಪ್ಪ ಅಭ್ಯಾಸದ ಪ್ರಕಾರ ತುಟಿ ಸರಿಸಿ ಹಲ್ಲು ನೋಡಲು ಹೋದವರು ಅರೆಗಳಿಗೆ ಸುಮ್ಮನಾದರು. ಕೋಣಕ್ಕೂ ಎತ್ತಿಗೂ ಮೇಲಿನ ಮುಂಬಲ್ಲು ಇರುವುದಿಲ್ಲ, ಕುದುರೆಗೆ ಕೆಳಗೂ ಆರು, ಮೇಲೂ ಆರು. "ಇದರ ಶಾಸ್ತ್ರ ಬೇರೆ" ಎಂದು ನನ್ನನ್ನು ಮುಂದೆ ಬಿಟ್ಟರು. ಮೇಲಿನ ಸಾಲಿನ ಮೂಲೆಯ ಹಲ್ಲಿನ ಮೇಲೆ ವಸಡಿನಿಂದ ಇಳಿಯುವ ಒಂದು ಕಂದು ಗೆರೆ ಇರುತ್ತದೆ. ಸುಮಾರು ಹತ್ತನೆಯ ವರ್ಷಕ್ಕೆ ವಸಡಿನ ಬಳಿ ಕಾಣಿಸಿಕೊಂಡು, ಹದಿನೈದಕ್ಕೆ ಹಲ್ಲಿನ ಅರ್ಧಕ್ಕೆ ಬಂದು, ಇಪ್ಪತ್ತಕ್ಕೆ ತುದಿ ಮುಟ್ಟುತ್ತದೆ. ಇದು ಅಂದಾಜಿನ ಲೆಕ್ಕವೇ ಹೊರತು ಜಾತಕವಲ್ಲ, ಆದರೂ ಹದಿನಾಲ್ಕನ್ನು ಎಂಟು ಎಂದು ಹೇಳುವವರ ಬಾಯಿ ಮುಚ್ಚಿಸಲು ಸಾಕು. ಇವಳ ಗೆರೆ ಅರ್ಧ ಮುಟ್ಟಲು ಇನ್ನೂ ಸ್ವಲ್ಪ ಬಾಕಿಯಿತ್ತು. ಹೇಳಿದ್ದು ನಿಜ.

ಹೆಸರು ಗೌರಿ. ನೋಡಲು ಏನೂ ಇಲ್ಲ. ಮಣ್ಣಿನ ಬಣ್ಣ, 145 ಸೆಂಟಿಮೀಟರ್ ಎತ್ತರ, ಯಾವ ತಳಿ ಎಂದು ಹೇಳಲಾಗದ ಮಿಶ್ರಣ. ಬೆನ್ನಿನ ಮೇಲೆ ಹಿಂದೆಂದೋ ಸರಿಯಾಗಿ ಕೂರದ ಜೀನು ಒತ್ತಿದ ಕಡೆ ಎರಡು ಬಿಳಿ ಕೂದಲಿನ ಕಲೆ. ಹತ್ತು ವರ್ಷ ಮಕ್ಕಳಿಗೆ ಸವಾರಿ ಕಲಿಸಿದ್ದಾಳೆ. ನಾನು ಹತ್ತಿ ಟ್ರಾಟ್ ಹೋಗುವಾಗ ಬಲಗಾಲು ಪಾದ ಊರುವ ರಿಕಾಪಿನಿಂದ ಜಾರಿತು, ತೂಕ ಒಂದು ಬದಿಗೆ ವಾಲಿತು. ಹಳೆಯ ಹೆದರಿಕೆ ಎದೆಗೆ ಬಂದು ಲಗಾಮು ಬಿಗಿ ಹಿಡಿದೆ. ಅವಳು ನಿಂತಳು. ನಿಂತು, ಒಂದು ಕಿವಿಯನ್ನು ಹಿಂದೆ ನನ್ನ ಕಡೆ ತಿರುಗಿಸಿ, ನಾನು ಸರಿಯಾಗಿ ಕೂರುವ ತನಕ ಕಾದಳು. ದೊಡ್ಡಪ್ಪ ಬೇಲಿಯ ಮೇಲೆ ಕೈಯಿಟ್ಟು ನೋಡುತ್ತಿದ್ದವರು ಏನೂ ಹೇಳಲಿಲ್ಲ. ಆ ರಾತ್ರಿ ಮೈಸೂರಿನಲ್ಲೇ ಉಳಿದೆವು. ಬೆಳಿಗ್ಗೆ ಹೊತ್ತು ಹೇಳದೆ ಮತ್ತೆ ಹೋದೆವು. ಗೌರಿ ಹುಲ್ಲು ತಿನ್ನುತ್ತಿದ್ದಳು, ನಮ್ಮನ್ನು ನೋಡಿ ತಿನ್ನುವುದನ್ನು ಮುಂದುವರಿಸಿದಳು.

ಆದರೂ ಅಲ್ಲೇ ಹಣ ಕೊಡಲಿಲ್ಲ. ಮೈಸೂರಿನಲ್ಲಿ ಚೆನ್ನಾಗಿರುವ ಕುದುರೆ ಬಾರಕೂರಿನಲ್ಲೂ ಚೆನ್ನಾಗಿರುತ್ತದೆ ಎಂದೇನಿಲ್ಲ. ಕರಾವಳಿಯವರು ಘಟ್ಟದ ಮೇಲಿನವರ ಸಲಹೆಯನ್ನು ಹಾಗೆಯೇ ತೆಗೆದುಕೊಳ್ಳಬಾರದು ಎನ್ನುವುದು ಇಲ್ಲೇ. ಕುದುರೆ ಮೈ ತಣಿಸುವುದು ಮುಖ್ಯವಾಗಿ ಬೆವರಿನಿಂದ. ನಮ್ಮ ಏಪ್ರಿಲ್, ಮೇ ತಿಂಗಳ ಸೆಖೆಯಂಥ ಒದ್ದೆ ಬಿಸಿಯಲ್ಲಿ ಕೆಲವು ಕುದುರೆಗಳು ಬೆವರುವುದನ್ನೇ ನಿಲ್ಲಿಸಿಬಿಡುತ್ತವೆ. ಮೈ ಒಣಗಿ, ಮೂಗಿನ ಹೊಳ್ಳೆ ಅಗಲಿಸಿ ಏದುಸಿರು ಬಿಡುತ್ತ ನಿಲ್ಲುತ್ತವೆ. ಅಂಥ ಕುದುರೆಗೆ ಇಲ್ಲಿ ಕೆಲಸ ಕೊಡುವುದು ಅದನ್ನು ಕೊಂದ ಹಾಗೆ. ಅದಕ್ಕೆ ಕುದುರೆಯ ಮಾಲೀಕರ ಹತ್ತಿರ ಕೇಳಿದೆ: ಏಪ್ರಿಲ್‌ನಲ್ಲಿ ಒಂದು ತಿಂಗಳು ನಮ್ಮ ಮನೆಯಲ್ಲಿರಲಿ, ಖರ್ಚೆಲ್ಲ ನನ್ನದು, ಆಮೇಲೆ ಬೆಲೆ. ತಮ್ಮ ಕುದುರೆಯ ಮೇಲೆ ಪ್ರೀತಿ ಇದ್ದವರು, ಒಪ್ಪಿದರು. ಒಪ್ಪದವರೂ ಇರುತ್ತಾರೆ, ಅದು ಅವರ ಹಕ್ಕು.

ಹೊರಡುವ ಮೊದಲು ಮೈಸೂರಿನ ಕುದುರೆ ವೈದ್ಯರೊಬ್ಬರಿಂದ ತಪಾಸಣೆ ಮಾಡಿಸಿದೆ. ಮಾರುವವರ ವೈದ್ಯರಲ್ಲ, ನಾನೇ ಹುಡುಕಿದವರು. ಕಣ್ಣು, ಹೃದಯ, ಶ್ವಾಸಕೋಶ, ನಾಲ್ಕು ಕಾಲು. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28ರಿಂದ 44ರೊಳಗೆ, ಮೈ ಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಇರಬೇಕು. ರಕ್ತವನ್ನು ಗ್ಲಾಂಡರ್ಸ್‌ಗೆ ಪರೀಕ್ಷೆ ಮಾಡಿಸಲೇಬೇಕು. ಅದು ಮನುಷ್ಯರಿಗೂ ಅಂಟುವ ರೋಗ, ಖಚಿತವಾದರೆ ಕಾನೂನಿನ ಪ್ರಕಾರ ಕುದುರೆಯನ್ನು ಉಳಿಸಿಕೊಳ್ಳುವಂತಿಲ್ಲ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇದರ ಪರೀಕ್ಷೆಯಾಗುತ್ತದೆ. ಕಚ್ಚುವ ದೊಡ್ಡ ನೊಣಗಳಿಂದ ಹರಡುವ ಸರ್ರಾ ರೋಗಕ್ಕೂ ನೋಡಿಸಿದೆ, ಧನುರ್ವಾಯುವಿನ ಲಸಿಕೆ ಹಾಕಿಸಿದೆ. ಕುದುರೆಯನ್ನೇ ನೋಡುವ ವೈದ್ಯರು ಬೆಂಗಳೂರು, ಮೈಸೂರಿನಲ್ಲಿ ಸಿಗುತ್ತಾರೆ, ನಮ್ಮ ಕಡೆ ಹುಡುಕಬೇಕು. ಹಾಗಾಗಿ ಪದೇ ಪದೇ ವೈದ್ಯರು ಬೇಕಾಗುವ ಕುದುರೆ ಎಷ್ಟೇ ಒಳ್ಳೆಯದಿದ್ದರೂ ನಮಗಲ್ಲ.

ಸಂಪಾಜೆ ಘಾಟಿ ಇಳಿದು ಬರುವಾಗ ಗೌರಿ ಲಾರಿಯಲ್ಲಿ ಕಾಲು ಅಗಲಿಸಿ ಸಮತೋಲ ಹಿಡಿದು ನಿಂತಿದ್ದಳು. ಹಿಂದೆ ಎಷ್ಟೋ ಸಲ ಪ್ರಯಾಣ ಮಾಡಿದವಳು. ಮೊದಲ ವಾರ ಬೆಳಗ್ಗಿನ ಸವಾರಿ ಮುಗಿಸಿ ಅವಳ ಕುತ್ತಿಗೆ ಸವರಿ, ಅಂಗೈ ಒದ್ದೆಯಾದದ್ದನ್ನು ನೋಡಿ ನನಗಾದ ಸಮಾಧಾನ ಹೇಳಲಾರೆ. ತಿಂಗಳು ಮುಗಿಯುವ ಮೊದಲೇ ಹಣ ಕಳಿಸಿದೆ.

ಮೇವಿನ ಪಾಠ ಮಾತ್ರ ತಂದ ಮೇಲೆ ಕಲಿತದ್ದು, ತರುವ ಮೊದಲೇ ಕಲಿಯಬೇಕಿತ್ತು. ಅಂಗಳದಲ್ಲಿ ಬೈಹುಲ್ಲಿನ ರಾಶಿ ಇದೆ, ಮೇವಿಗೇನು ಚಿಂತೆ ಅಂದುಕೊಂಡಿದ್ದೆ. ದನಕ್ಕೆ ನಡೆಯುತ್ತದೆ, ಅದು ಮೆಲುಕು ಹಾಕುವ ಪ್ರಾಣಿ. ಕುದುರೆಗೆ ಬೈಹುಲ್ಲಿನಲ್ಲಿ ಸತ್ವವಿಲ್ಲ, ಕರುಳಿನಲ್ಲಿ ಕಟ್ಟಿಕೊಂಡರೆ ಹೊಟ್ಟೆನೋವು ಬರುತ್ತದೆ, ಕುದುರೆಗೆ ವಾಂತಿ ಮಾಡಲೂ ಆಗುವುದಿಲ್ಲ, ಹೊಟ್ಟೆನೋವಿನಲ್ಲೇ ಸಾಯಲೂಬಹುದು. ತೋಟದ ಬದಿಯ ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಹೆಚ್ಚು, ಅದು ಕ್ಯಾಲ್ಸಿಯಂ ಅನ್ನು ಮೈಗೆ ಹತ್ತಲು ಬಿಡುವುದಿಲ್ಲ. ಅದರೊಂದಿಗೆ ತವುಡನ್ನೂ ಹಾಕುತ್ತ ಹೋದರೆ ಎಲುಬು ಸೊರಗಿ ಮುಖದ ಮೂಳೆ ಊದಿಕೊಳ್ಳುತ್ತದೆ. ಈಗ ಒಣಗಿಸಿದ ಹುಲ್ಲನ್ನೂ ಕುದುರೆ ಮೆಂತೆಯನ್ನೂ ಘಟ್ಟದ ಮೇಲಿಂದ ತರಿಸುತ್ತೇನೆ. 380 ಕಿಲೊ ತೂಕದ ಕುದುರೆಗೆ ದಿನಕ್ಕೆ ಆರೇಳು ಕಿಲೊ ಒಣಮೇವು ಬೇಕು, ಸೆಖೆಯಲ್ಲಿ ನಲವತ್ತು ಲೀಟರ್ ನೀರು, ಉಪ್ಪಿನ ಗಟ್ಟಿ. ಹುರುಳಿ ಬೇಯಿಸುವ ಹದ ದೊಡ್ಡಪ್ಪನಿಗೆ ಗೊತ್ತಿತ್ತು, ಕೋಣಗಳಿಗೆ ಬೇಯಿಸಿದ ಕೈ.

ಆಮೇಲೆ ಮಳೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಬೀಳುತ್ತದೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕೆಸರಿನಲ್ಲಿ ನಿಂತ ಗೊರಸಿನ ಅಡಿಯ ಮೆತ್ತನೆಯ ತ್ರಿಕೋನ ಭಾಗ ಕೊಳೆತು ನಾರುತ್ತದೆ. ಅದಕ್ಕೆ ಕೆಂಪುಕಲ್ಲಿನಿಂದ ನೆಲ ಎತ್ತರಿಸಿ, ಇಳಿಜಾರು ಕೊಟ್ಟು, ಮರದ ಹುಡಿ ಹಾಸಿದೆವು. ದಿನಕ್ಕೆ ಎರಡು ಸಲ ಗೊರಸು ಕೆರೆದು ಒರೆಸಬೇಕು. ನಾಲ್ಕು ಕಾಲು, ಎರಡು ಹೊತ್ತು, ನಾಲ್ಕು ತಿಂಗಳು. ಲೆಕ್ಕ ಹಾಕಿದರೆ ಸಾವಿರ ಸಲಕ್ಕೆ ಹತ್ತಿರ. ಕಾಲು ಕೊಡದ ಕುದುರೆಯಾಗಿದ್ದರೆ? ಗೌರಿ ನಾನು ಬಗ್ಗುವಾಗಲೇ ಕಾಲು ಎತ್ತಿ ಕೊಡುತ್ತಾಳೆ. ಕುದುರೆ ನೋಡಲು ಹೋದಾಗ ಗೊರಸು ಎತ್ತಿ ನೋಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಅವಳಿಗೆ ಜೊತೆಯಿರಲಿ ಎಂದು ಎರಡು ಆಡು ತಂದೆವು. ಕುದುರೆ ಹಿಂಡಿನ ಜೀವ, ಒಂಟಿಯಾಗಿ ಇಡಬಾರದು. ಇನ್ನೊಂದು ಕುದುರೆ ಇದ್ದರೆ ಒಳ್ಳೆಯದಿತ್ತು, ಅಷ್ಟು ಶಕ್ತಿ ನನಗಿನ್ನೂ ಇಲ್ಲ.

ಹುಡುಗ ಅವತ್ತು ಸಂಜೆಯವರೆಗೆ ಇದ್ದ. ಗೌರಿಯ ಮುಂಗಾಲು ಎತ್ತಿಸಿ ಕೊಟ್ಟೆ, ಟೆಂಡನ್ ಸವರಿಸಿದೆ, ಹಲ್ಲಿನ ಗೆರೆ ತೋರಿಸಿದೆ. ಗೆರೆ ಈಗ ತುದಿ ಮುಟ್ಟಲು ಬಂದಿದೆ. ಕಪ್ಪು ಕುದುರೆಯ ವಿಡಿಯೊ ಮತ್ತೆ ತೆಗೆಯಲಿಲ್ಲ, ಆದರೆ ಅದನ್ನು ಬಿಟ್ಟೆ ಎಂದೂ ಹೇಳಲಿಲ್ಲ. ಹೋಗುವಾಗ ದೊಡ್ಡಪ್ಪನ ಹತ್ತಿರ ಸ್ವಲ್ಪ ಹೊತ್ತು ಕೂತು ಏನೋ ಮಾತಾಡಿದ.

ಮೊನ್ನೆ ಶನಿವಾರ ಬೆಳಿಗ್ಗೆ ಐದೂವರೆಗೆ ಅವನ ಮೆಸೇಜು ಬಂತು. "ಅಕ್ಕ, ಮೈಸೂರಲ್ಲಿದ್ದೇನೆ. ಹನ್ನೆರಡು ವರ್ಷದ್ದು, ಬೀಜ ತೆಗೆದ ಗಂಡು. ನಿನ್ನೆ ಒಂದು ಸಲ ನೋಡಿ ಬಂದೆ. ಈಗ ಹೇಳದೆ ಬಂದು ಗೇಟಿನ ಹತ್ತಿರ ನಿಂತಿದ್ದೇನೆ, ಒಳಗೆ ಇನ್ನೂ ಲೈಟು ಹಾಕಿಲ್ಲ."